ಹಳೆ ಮನೆ: ಕೊಳ್ಳುವ ಮುಂಚೆ ಗೋಡೆ ನೋಡಿ, ಮಾರುವ ಮುಂಚೆ ಇದ್ದದ್ದನ್ನು ಹೇಳಿ



ನಮ್ಮ ಸಂಘದ ಸಭೆಗಳಿಗೆ ಸಾಲದ ಅರ್ಜಿ ಬರುವುದು ಯಾವುದಕ್ಕೆಲ್ಲ? ಮಕ್ಕಳ ಫೀಸು, ಮದುವೆ, ಆಸ್ಪತ್ರೆ ಖರ್ಚು, ದನ, ಹೊಲಿಗೆ ಮಿಷನ್. ಮತ್ತೆ ಮನೆ. ಹೊಸ ಮನೆ ಕಟ್ಟಿಸ್ಲಿಕ್ಕೆ ಎಲ್ಲರಿಂದಲೂ ಆಗುವುದಿಲ್ಲ. ಹಾಗಾಗಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಗಳಲ್ಲಿ ಐದೋ ಹತ್ತೋ ಸೆಂಟ್ಸ್ ಜಾಗದ ಜೊತೆ ಒಂದು ಹಳೆ ಹಂಚಿನ ಮನೆ ಸಿಕ್ಕಿದರೆ ಸಾಕು ಎಂದು ಸಂಘದಿಂದ, ಬ್ಯಾಂಕಿನಿಂದ ಸಾಲ ಮಾಡಿ, ಇದ್ದ ಚಿನ್ನ ಅಡವಿಟ್ಟು ಕೊಳ್ಳುವವರು ನಮ್ಮಲ್ಲಿ ಇದ್ದಾರೆ.

ಹಾಗೆ ಕೊಳ್ಳುವಾಗ ನಾವು ಪಹಣಿ ನೋಡುತ್ತೇವೆ, ಇ.ಸಿ. ತೆಗೆಸುತ್ತೇವೆ, ಪಂಚಾಯತ್‌ನಲ್ಲಿ 9/11 ಸರಿ ಉಂಟಾ ಎಂದು ಕೇಳುತ್ತೇವೆ. ಬಾವಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ನೀರು ಇರ್ತದಾ, ರಿಕ್ಷಾ ಬರುವ ದಾರಿ ಉಂಟಾ ಎಂದೂ ವಿಚಾರಿಸುತ್ತೇವೆ. ಎಲ್ಲ ಬೇಕಾದದ್ದೇ. ಆದರೆ ಗೋಡೆಯನ್ನು ಕೈಯಿಂದ ಮುಟ್ಟಿ, ತಟ್ಟಿ, ಮೂಲೆ ಮೂಲೆ ನೋಡುವವರು ಎಷ್ಟು ಮಂದಿ? ಹೊಸ ಪೈಂಟ್ ಹೊಡೆದ ಮನೆ ಕಣ್ಣಿಗೆ ಚೆಂದ ಕಾಣುತ್ತದೆ. ಪೈಂಟಿನ ಹಿಂದೆ ಏನುಂಟು ಎಂದು ಗೊತ್ತಿರುವುದು ಅಲ್ಲಿ ಇಷ್ಟು ವರ್ಷ ಬದುಕಿದವರಿಗೆ ಮಾತ್ರ. ಈ ಲೇಖನ ಆ ವಿಷಯಕ್ಕೆ.

ನಮ್ಮಲ್ಲಿಯೂ ಭೂಮಿ ನಡುಗುತ್ತದೆಯೇ?

ಭೂಕಂಪ ಎಂದರೆ ಗುಜರಾತ್, ನೇಪಾಳ, ಜಪಾನ್ ಎಂದು ನಾವು ತಿಳಿದುಕೊಂಡಿದ್ದೇವೆ. ಆದರೆ 2022ರ ಜೂನ್ ಕೊನೆಯ ವಾರ ನಮ್ಮದೇ ಜಿಲ್ಲೆಯ ಸುಳ್ಯ ತಾಲೂಕಿನಲ್ಲಿ ಮತ್ತು ಅದಕ್ಕೆ ತಾಗಿದ ಕೊಡಗಿನ ಸಂಪಾಜೆ, ಚೆಂಬು ಕಡೆ ಭೂಮಿ ಮತ್ತೆ ಮತ್ತೆ ಕಂಪಿಸಿತು. ಜೂನ್ 25ರಂದು 2.3, ಜೂನ್ 28ರ ಬೆಳಿಗ್ಗೆ 3.0 ತೀವ್ರತೆಯ ಕಂಪನ ದಾಖಲಾಯಿತು. ಜುಲೈಯಲ್ಲಿಯೂ ಸಣ್ಣ ಕಂಪನಗಳು ಮುಂದುವರಿದವು. ಗುಡುಗಿನ ಹಾಗೆ ಸದ್ದು ಕೇಳಿ ಜನ ಮಳೆಯಲ್ಲೇ ಅಂಗಳಕ್ಕೆ ಓಡಿ ಬಂದರು. ಕೆಲವು ಮನೆಗಳ ಗೋಡೆ ಬಿರುಕು ಬಿಟ್ಟಿತು. ಅದಕ್ಕೂ ಮುಂಚೆ, 2018ರ ಜುಲೈ 9ರಂದು ಕೊಡಗಿನಲ್ಲಿ 3.4 ತೀವ್ರತೆಯ ಕಂಪನ ಆಗಿತ್ತು.

ಇವೆಲ್ಲ ಸಣ್ಣ ಕಂಪನಗಳು. ತೀವ್ರತೆಯ ಲೆಕ್ಕದಲ್ಲಿ ಒಂದು ಅಂಕೆ ಹೆಚ್ಚಾದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು ಹೆಚ್ಚು. ಅಂದರೆ 3ಕ್ಕೂ 6ಕ್ಕೂ ಇರುವ ವ್ಯತ್ಯಾಸ ಎರಡು ಪಟ್ಟಲ್ಲ, ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ಆದ್ದರಿಂದ ಸುಳ್ಯದ ಕಂಪನಕ್ಕೆ ಹೆದರಿ ಮನೆ ಬಿಡುವ ಅಗತ್ಯ ಇಲ್ಲ. ಆದರೆ 3ರ ಕಂಪನಕ್ಕೇ ಬಿರುಕು ಬಿಡುವ ಗೋಡೆ ನಮ್ಮಲ್ಲಿ ಉಂಟು ಎನ್ನುವುದನ್ನು ಮರೆಯಬಾರದು.

ಸರಕಾರದ ಭಾರತೀಯ ಮಾನಕ ಬ್ಯೂರೋ 2002ರಲ್ಲಿ ಹೊರತಂದು 2016ರಲ್ಲಿಯೂ ಉಳಿಸಿಕೊಂಡ ನಕ್ಷೆಯಲ್ಲಿ ದೇಶವನ್ನು 2ರಿಂದ 5ರ ವರೆಗೆ ನಾಲ್ಕು ಭೂಕಂಪ ವಲಯಗಳಾಗಿ ವಿಂಗಡಿಸಲಾಗಿತ್ತು. 5 ಎಂದರೆ ಅತಿ ಅಪಾಯ. ಅದರಲ್ಲಿ ಬೆಂಗಳೂರು 2ನೇ ವಲಯ. ದಕ್ಷಿಣ ಕನ್ನಡ 3ನೇ ವಲಯ. ನಾವು ಬೆಂಗಳೂರಿಗಿಂತ ಒಂದು ಮೆಟ್ಟಿಲು ಮೇಲೆ ಇದ್ದೇವೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

3ನೇ ವಲಯ ಎಂದರೆ ಹಗುರ ಎಂದು ತಿಳಿಯಬಾರದು. ಮಧ್ಯಪ್ರದೇಶದ ಜಬಲ್ಪುರವೂ 3ನೇ ವಲಯವೇ. ಅಲ್ಲಿ 1997ರ ಮೇ 22ರಂದು ಆದ ಭೂಕಂಪದಲ್ಲಿ ಸುಮಾರು 40 ಜನ ತೀರಿಹೋದರು, ಸಾವಿರಾರು ಮನೆಗಳಿಗೆ ಹಾನಿಯಾಯಿತು. ಇನ್ನೊಂದು ಕಥೆ ಇದಕ್ಕಿಂತ ದೊಡ್ಡದು.

ಕಿಲ್ಲಾರಿಯಲ್ಲಿ ಕೊಂದದ್ದು ಯಾವುದು?

ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳಿಂದ ದೂರವೇನಲ್ಲ. ಆಗಿನ ನಕ್ಷೆಯಲ್ಲಿ ಆ ಊರು 1ನೇ ವಲಯ, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಜಾಗ. 1993ರ ಸೆಪ್ಟೆಂಬರ್ 30ರಂದು, ಬೆಳಗ್ಗಿನ ಜಾವ 4 ಗಂಟೆಗೆ ಸ್ವಲ್ಪ ಮುಂಚೆ, ಅಲ್ಲಿ 6.2 ತೀವ್ರತೆಯ ಭೂಕಂಪ ಆಯಿತು. ಗಣಪತಿ ವಿಸರ್ಜನೆ ಮುಗಿಸಿ ತಡವಾಗಿ ಮಲಗಿದ ಜನ ನಿದ್ದೆಯಲ್ಲಿದ್ದರು. ಎಂಟರಿಂದ ಹತ್ತು ಸಾವಿರ ಜನ ಸತ್ತರು. ಆಮೇಲೆ 2002ರ ನಕ್ಷೆಯಲ್ಲಿ 1ನೇ ವಲಯ ಎನ್ನುವುದನ್ನೇ ತೆಗೆದುಹಾಕಿದರು.

ಭೂಮಿ ನಡುಗಿದ್ದೇ ಅಷ್ಟು ಜನರ ಸಾವಿಗೆ ಕಾರಣ ಅಲ್ಲ. ಅಲ್ಲಿನ ಮನೆಗಳ ಗೋಡೆಗಳು ಎರಡರಿಂದ ನಾಲ್ಕು ಅಡಿ ದಪ್ಪ. ನೋಡ್ಲಿಕ್ಕೆ ಕೋಟೆಯ ಹಾಗೆ. ಆದರೆ ಉರುಟು ಕಲ್ಲುಗಳನ್ನು ಬರೀ ಮಣ್ಣಿನಲ್ಲಿ ಕೂರಿಸಿ ಕಟ್ಟಿದ್ದು. ಗೋಡೆಯ ಒಳಮುಖಕ್ಕೂ ಹೊರಮುಖಕ್ಕೂ ಹಿಡಿತವೇ ಇಲ್ಲ. ಮೇಲೆ ಮರದ ತೊಲೆ, ತೊಲೆಯ ಮೇಲೆ ಬೇಸಿಗೆಯ ಬಿಸಿ ತಡೆಯಲು ಒಂದೆರಡು ಅಡಿ ದಪ್ಪಕ್ಕೆ ಮಣ್ಣು. ನೆಲ ಅಲುಗಿದಾಗ ಕಲ್ಲುಗಳು ಜಾರಿದವು, ಗೋಡೆ ಎರಡು ಸೀಳಾಯಿತು, ಅಷ್ಟೂ ಮಣ್ಣು ಮಲಗಿದವರ ಮೇಲೆ ಬಿತ್ತು. ದಪ್ಪ ಗೋಡೆ ಎಂದರೆ ಗಟ್ಟಿ ಗೋಡೆ ಎನ್ನುವ ನಂಬಿಕೆ ಅಲ್ಲಿ ಸುಳ್ಳಾಯಿತು. ಕಲ್ಲು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಒಂದು ಕಲ್ಲು ಇನ್ನೊಂದನ್ನು, ಒಂದು ಗೋಡೆ ಇನ್ನೊಂದನ್ನು ಹೇಗೆ ಹಿಡಿದುಕೊಂಡಿದೆ ಎನ್ನುವುದೇ ಮುಖ್ಯ.

ನಮ್ಮ ಹಳೆ ಮನೆಗಳ ಗುಣ ಮತ್ತು ದೋಷ

ನಮ್ಮ ಊರಿನ ಮನೆ ಕಿಲ್ಲಾರಿಯ ಮನೆಯ ಹಾಗಲ್ಲ. ನಮ್ಮದು ಕೆಂಪುಕಲ್ಲು, ಅಂದರೆ ಮುರಕಲ್ಲು. ಅದನ್ನು ಚೌಕವಾಗಿ ಕೆತ್ತಿ ಕಟ್ಟುವುದರಿಂದ ಉರುಟು ಕಲ್ಲಿಗಿಂತ ಚೆನ್ನಾಗಿ ಕೂರುತ್ತದೆ. ಮೇಲೆ ಪಕ್ಕಾಸು, ರೀಪು, ಮಂಗಳೂರು ಹಂಚು. ಒಂದು ಹಂಚು ಎರಡು–ಎರಡೂವರೆ ಕಿಲೋ ಇರಬಹುದು. ಮಣ್ಣಿನ ಮಾಡಿಗೆ ಹೋಲಿಸಿದರೆ ಇದು ಬಹಳ ಹಗುರ. ಒಂದೇ ಅಂತಸ್ತು, ಸಣ್ಣ ಕೋಣೆಗಳು, ಸಣ್ಣ ಕಿಟಕಿಗಳು. ಇವೆಲ್ಲ ನಮ್ಮ ಹಿರಿಯರ ಮನೆಯ ಒಳ್ಳೆ ಗುಣಗಳು.

ದೋಷಗಳು ಯಾವುವು ಎಂದರೆ, ಮೊದಲನೆಯದಾಗಿ ಮಣ್ಣಿನ ಗಾರೆ. ಹಳೆ ಮನೆಗಳಲ್ಲಿ ಎಷ್ಟೋ ಕಡೆ ಕಲ್ಲಿನ ನಡುವೆ ಇರುವುದು ಸಿಮೆಂಟ್ ಅಲ್ಲ, ಸುಣ್ಣವೂ ಅಲ್ಲ, ಬರೀ ಮಣ್ಣು. ಹೊರಗಿನಿಂದ ಸಿಮೆಂಟಿನ ಸಾರಣೆ ಮಾಡಿದರೆ ಅದು ಕಾಣುವುದಿಲ್ಲ. ಸಾರಣೆ ಬಿರುಕು ಬಿಟ್ಟು ನೀರು ಒಳಗೆ ಹೋದರೆ ಮಣ್ಣು ಕರಗಿ ಕಲ್ಲು ಸಡಿಲವಾಗುತ್ತದೆ. ಹತ್ತಿಪ್ಪತ್ತು ಮಳೆಗಾಲ ಕಳೆದ ಮೇಲೆ ಗೋಡೆ ನಿಂತಿರುವುದು ತನ್ನ ಭಾರದಿಂದ ಮಾತ್ರ.

ಎರಡನೆಯದು, ಗೋಡೆಗಳನ್ನು ಸುತ್ತಲೂ ಕಟ್ಟಿ ಹಿಡಿಯುವ ಪಟ್ಟಿ ಇಲ್ಲದಿರುವುದು. ಬುಟ್ಟಿ ಹೆಣೆಯುವಾಗ ಬಾಯಿಗೆ ಸುತ್ತಲೂ ಒಂದು ಕಟ್ಟು ಹಾಕುತ್ತೇವೆ. ಅದು ಇಲ್ಲದಿದ್ದರೆ ಬುಟ್ಟಿ ಬಿಚ್ಚಿಕೊಳ್ಳುತ್ತದೆ. ಮನೆಗೂ ಹಾಗೆಯೇ. ಈಗಿನ ಒಳ್ಳೆ ಮನೆಗಳಲ್ಲಿ ಕಿಟಕಿ–ಬಾಗಿಲಿನ ಮೇಲೆ ಲಿಂಟಲ್ ಅನ್ನು ಎಲ್ಲ ಗೋಡೆಗಳ ಮೇಲೂ ಕಬ್ಬಿಣ ಹಾಕಿ ಒಂದೇ ಪಟ್ಟಿಯಾಗಿ ಹಾಯಿಸುತ್ತಾರೆ. ಹಳೆ ಮನೆಯಲ್ಲಿ ಬಾಗಿಲಿನ ಮೇಲೆ ಒಂದು ತುಂಡು ಮರ ಮಾತ್ರ. ನಡುಕ ಬಂದರೆ ಮೂಲೆಯಲ್ಲಿ ಎರಡು ಗೋಡೆ ಬಿಟ್ಟುಕೊಳ್ಳುತ್ತವೆ.

ಮೂರನೆಯದು, ಮಾಡಿನ ಎರಡು ಬದಿಯಲ್ಲಿ ತ್ರಿಕೋನಾಕಾರವಾಗಿ ಮೇಲೇರುವ ಗೋಡೆ. ಅದನ್ನು ಮೇಲಿನಿಂದ ಹಿಡಿಯುವವರು ಯಾರೂ ಇಲ್ಲ. ಕಂಪನದಲ್ಲಿ ಮೊದಲು ಬೀಳುವ ಜಾಗಗಳಲ್ಲಿ ಇದೂ ಒಂದು. ಅದರ ಕೆಳಗೆ ಮಕ್ಕಳ ಮಂಚ ಇದ್ದರೆ ಇವತ್ತೇ ಸ್ಥಳ ಬದಲಾಯಿಸಿ.

ನಾಲ್ಕನೆಯದು ಹಿರಿಯರು ಮಾಡಿದ್ದಲ್ಲ, ನಾವು ಮಾಡಿದ್ದು. ಮಂಗ ಹಂಚು ಒಡೆಯುತ್ತದೆ, ಸೋರುತ್ತದೆ ಎಂದು ಹಂಚು ತೆಗೆದು ಮಣ್ಣಿನ ಗಾರೆಯ ಹಳೆ ಗೋಡೆಯ ಮೇಲೆಯೇ ಆರ್‌ಸಿಸಿ ಸ್ಲ್ಯಾಬ್ ಹಾಕುತ್ತೇವೆ. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಗೆ ನಾಲ್ಕಿಂಚಿನ ಸ್ಲ್ಯಾಬ್ ಎಂದರೆ ಎರಡು ಟನ್‌ಗಿಂತ ಹೆಚ್ಚು ಭಾರ. ಅದರ ಮೇಲೆ ಸಾವಿರ ಲೀಟರಿನ ನೀರಿನ ಟ್ಯಾಂಕ್ ಇಟ್ಟರೆ ಇನ್ನೊಂದು ಟನ್. ತಲೆ ಭಾರ, ಕಾಲು ಸಪೂರ. ಹಾಲ್ ದೊಡ್ಡದಾಗಲಿ ಎಂದು ನಡುವಿನ ಗೋಡೆ ಒಡೆಯುತ್ತೇವೆ. ಅಣ್ಣ ತಮ್ಮಂದಿರಿಗೆ ಪಾಲಾದಾಗ ಮನೆಯನ್ನೇ ನಡುವಿನಿಂದ ಕಡಿದು ಎರಡು ಮಾಡುತ್ತೇವೆ. ಇವನ್ನೆಲ್ಲ ಇಂಜಿನಿಯರರನ್ನು ಕೇಳಿ ಮಾಡಿದವರು ಕಡಿಮೆ.

ಐದನೆಯದು, ಮನೆಯ ಹಿಂದಿನ ದರೆ. ನಮ್ಮಲ್ಲಿ ಗುಡ್ಡ ಕಡಿದು ಮನೆ ಕಟ್ಟುವುದು ಮಾಮೂಲು. ಮಳೆಗಾಲದಲ್ಲಿ ನೀರು ಕುಡಿದ ದರೆ ತಾನಾಗಿಯೇ ಜರಿಯುತ್ತದೆ. ಆಗ ಸಣ್ಣ ಕಂಪನ ಬಂದರೂ ಅಪಾಯ ಹೆಚ್ಚು. ಸುಳ್ಯದ ಕಂಪನಗಳು ಬಂದದ್ದು ಮಳೆಗಾಲದಲ್ಲಿಯೇ ಎಂಬುದನ್ನು ಗಮನಿಸಿ.

ನಾಳೆಯೇ ಭೂಕಂಪ ಆಗುತ್ತದೆ ಎಂದು ಹೆದರಿಸಲು ಇದನ್ನು ಹೇಳುತ್ತಿಲ್ಲ. ಭೂಕಂಪಕ್ಕೆ ಬೀಳುವ ಗೋಡೆಯೇ ದೊಡ್ಡ ಮಳೆಗೂ ಬೀಳುತ್ತದೆ, ನೆರೆಗೂ ಬೀಳುತ್ತದೆ. ಆದ್ದರಿಂದ ಗೋಡೆ ಪರೀಕ್ಷೆ ಮಾಡಿದ ಶ್ರಮ ಯಾವತ್ತೂ ವ್ಯರ್ಥ ಆಗುವುದಿಲ್ಲ.

ಮನೆ ನೋಡುವ ಕ್ರಮ

ಹಳೆ ಮನೆ ನೋಡಲು ಹೋಗುವಾಗ ಹಗಲು ಹೊತ್ತಿನಲ್ಲಿ ಹೋಗಿ. ಒಬ್ಬರೇ ಹೋಗಬೇಡಿ. ನಂಬಿಕೆಯ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋಗಿ. ಅವರಿಗೆ ಅರ್ಧ ದಿನದ ಸಂಬಳ ಕೊಟ್ಟರೂ ನಷ್ಟ ಇಲ್ಲ. ಸಾಧ್ಯವಾದರೆ ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ನೋಡಿ. ಈ ಕೆಳಗಿನವನ್ನು ಗಮನಿಸಿ:

1. ಮೂಲೆಗಳು: ಎರಡು ಗೋಡೆ ಸೇರುವಲ್ಲಿ ಮೇಲಿನಿಂದ ಕೆಳಗೆ ನೇರ ಬಿರುಕು ಉಂಟಾ? ಇದ್ದರೆ ಗೋಡೆಗಳು ಒಂದನ್ನೊಂದು ಬಿಟ್ಟಿವೆ ಎಂದು ಅರ್ಥ. ಇದು ದೊಡ್ಡ ದೋಷ.

2. ಕಿಟಕಿ–ಬಾಗಿಲಿನ ಮೂಲೆಯಿಂದ ಓರೆಯಾಗಿ ಹೋದ ಬಿರುಕು: ಪಂಚಾಂಗ ಒಂದು ಕಡೆ ಕೂತಿರಬಹುದು. ಮೇಲೆ ಅಗಲ, ಕೆಳಗೆ ಸಪೂರ ಇದ್ದರೆ ಇನ್ನೂ ಹೆಚ್ಚು ಗಮನ ಕೊಡಬೇಕು.

3. ಗೋಡೆಯ ಹೊಟ್ಟೆ: ದಾರಕ್ಕೆ ಕಲ್ಲು ಕಟ್ಟಿ ಮೇಲಿನಿಂದ ಇಳಿಬಿಡಿ. ಗೋಡೆ ನಡುವಿನಲ್ಲಿ ಉಬ್ಬಿದೆಯಾ, ಹೊರಗೆ ವಾಲಿದೆಯಾ ಎಂದು ಗೊತ್ತಾಗುತ್ತದೆ.

4. ಗೋಡೆಯ ಬುಡ: ಮಾಡಿನ ನೀರು ಸಿಡಿದು ಕೆಳಗಿನ ಒಂದೆರಡು ವರಸೆ ಕಲ್ಲು ತಿಂದುಹೋಗಿದೆಯಾ? ಕೈಯಲ್ಲಿ ಒತ್ತಿದರೆ ಪುಡಿ ಬರುವ ಕಲ್ಲು ಒಳ್ಳೆಯದಲ್ಲ.

5. ಮಾಡು: ಅಟ್ಟಕ್ಕೆ ಹತ್ತಿ ನೋಡಿ. ಪಕ್ಕಾಸಿನ ತುದಿ ಗೋಡೆಯಲ್ಲಿ ಕೂರುವ ಜಾಗದಲ್ಲಿ ಗೆದ್ದಲು ಹಿಡಿದಿದೆಯಾ, ಕೊಳೆತಿದೆಯಾ ಎಂದು ಕತ್ತಿಯ ತುದಿಯಿಂದ ಚುಚ್ಚಿ ನೋಡಿ.

6. ಸ್ಲ್ಯಾಬ್: ಹಳೆ ಗೋಡೆಯ ಮೇಲೆ ಹಾಕಿದ್ದಾ, ಪಿಲ್ಲರ್ ಎಬ್ಬಿಸಿ ಹಾಕಿದ್ದಾ ಎಂದು ಕೇಳಿ. ಅಡಿಭಾಗದಲ್ಲಿ ಸಿಮೆಂಟ್ ಉದುರಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತದೆಯಾ?

7. ಹಳೆ ಮನೆಗೆ ಹೊಸ ಭಾಗ ಸೇರಿಸಿದ ಜಾಗ: ಎದುರು ಸಿಟೌಟ್, ಹಿಂದೆ ಬಚ್ಚಲು, ಬದಿಯಲ್ಲಿ ಕೋಣೆ ಸೇರಿಸಿದಲ್ಲಿ ಉದ್ದಕ್ಕೆ ಬಿರುಕು ಇದ್ದರೆ ಎರಡೂ ಬೇರೆ ಬೇರೆ ನಿಂತಿವೆ ಎಂದು ತಿಳಿಯಿರಿ.

8. ದರೆ ಮತ್ತು ಪಕ್ಕದ ಕಟ್ಟಡ: ದರೆ ಎಷ್ಟು ಎತ್ತರ, ಮನೆಯಿಂದ ಎಷ್ಟು ದೂರ, ನೀರು ಹೋಗಲು ಚರಂಡಿ ಉಂಟಾ? ಪೇಟೆಯಲ್ಲಿ ಒಂದಕ್ಕೊಂದು ತಾಗಿಕೊಂಡ ಹಳೆ ಕಟ್ಟಡವಾದರೆ ಪಕ್ಕದ ಗೋಡೆಯ ಸ್ಥಿತಿಯೂ ನಿಮಗೆ ಮುಖ್ಯ.

ಸಾರಣೆಯ ಮೇಲೆ ಕೂದಲೆಳೆಯಷ್ಟು ಸಪೂರ ಬಿರುಕು ಎಲ್ಲ ಮನೆಯಲ್ಲೂ ಇರುತ್ತದೆ, ಅದಕ್ಕೆ ಹೆದರಬೇಡಿ. ಪಾವಲಿ ತೂರುವಷ್ಟು ಅಗಲ ಇದ್ದರೆ, ಒಳಗೂ ಹೊರಗೂ ಒಂದೇ ಕಡೆ ಕಂಡರೆ, ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಇಂಜಿನಿಯರರಿಗೆ ತೋರಿಸಲೇಬೇಕು. ಬೆಳೆಯುತ್ತಿದೆಯಾ ಎಂದು ತಿಳಿಯಲು ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆಯಿರಿ. ಬಿರುಕಿಗೆ ಅಡ್ಡವಾಗಿ ಒಂದು ತೆಳು ಗಾಜಿನ ತುಂಡನ್ನು ಸಿಮೆಂಟಿನಿಂದ ಅಂಟಿಸಿಟ್ಟರೂ ಆಗುತ್ತದೆ. ಗೋಡೆ ಸರಿದರೆ ಗಾಜು ಒಡೆಯುತ್ತದೆ.

ಕಾನೂನು ಏನು ಹೇಳುತ್ತದೆ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಭೂಕಂಪ ಹೆಚ್ಚು. ಅಲ್ಲಿ 1960ಕ್ಕಿಂತ ಮುಂಚೆ ಕಟ್ಟಿದ ಮನೆ ಮಾರುವಾಗ, ಮನೆಯಲ್ಲಿ ತನಗೆ ಗೊತ್ತಿರುವ ಭೂಕಂಪ ಸಂಬಂಧಿ ದೌರ್ಬಲ್ಯಗಳನ್ನು ಮಾರುವವರು ಒಂದು ಫಾರ್ಮಿನಲ್ಲಿ ಬರೆದು, ಒಂದು ಮಾರ್ಗದರ್ಶಿ ಪುಸ್ತಕದ ಜೊತೆಗೆ ಕೊಳ್ಳುವವರಿಗೆ ಕೊಡಬೇಕು ಎಂಬ ಕಾನೂನು ಉಂಟು. ನಮ್ಮ ದೇಶದಲ್ಲಿ ಭೂಕಂಪಕ್ಕೆಂದೇ ಅಂತಹ ಫಾರ್ಮು ಇಲ್ಲ. ಹಾಗೆಂದು ಏನು ಬೇಕಾದರೂ ಮುಚ್ಚಿಡಬಹುದು ಎಂದಲ್ಲ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಆಸ್ತಿಯಲ್ಲಿ ಅಥವಾ ಅದರ ಹಕ್ಕಿನಲ್ಲಿ ಇರುವ ಮುಖ್ಯ ದೋಷವನ್ನು ಮಾರುವವರು ಕೊಳ್ಳುವವರಿಗೆ ತಿಳಿಸಲೇಬೇಕು. ಯಾವ ದೋಷ? ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದೆ, ಅವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣಲು ಸಿಗದ ದೋಷ. ಅದನ್ನು ತಿಳಿಸದೆ ಬಿಟ್ಟರೆ ಅದು ವಂಚನೆ ಎಂದೇ ಆ ಸೆಕ್ಷನ್ ಹೇಳುತ್ತದೆ. 1872ರ ಕರಾರು ಕಾಯ್ದೆಯ ಪ್ರಕಾರ ವಂಚನೆಯಿಂದ ಆದ ಕರಾರನ್ನು ಮೋಸಹೋದವರು ರದ್ದು ಮಾಡಲು ಕೇಳಬಹುದು, ನಷ್ಟ ಪರಿಹಾರವನ್ನೂ ಕೇಳಬಹುದು.

ಇಲ್ಲಿ ಮೂರು ಮಾತು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಒಂದು, ಕಣ್ಣಿಗೆ ಕಾಣುವ ಬಿರುಕನ್ನು ನೋಡದೆ ಕೊಂಡು ಆಮೇಲೆ “ಹೇಳಲಿಲ್ಲ” ಎಂದು ದೂರಿದರೆ ನಿಲ್ಲುವುದು ಕಷ್ಟ. ನೋಡುವ ಜವಾಬ್ದಾರಿ ಕೊಳ್ಳುವವರದ್ದು. ಎರಡು, ಬಿರುಕಿಗೆ ಸಿಮೆಂಟ್ ಮೆತ್ತಿ ಪೈಂಟ್ ಹೊಡೆದು ಮುಚ್ಚಿದರೆ, ಮಣ್ಣಿನ ಗೋಡೆಯನ್ನು ಸಿಮೆಂಟ್ ಗೋಡೆ ಎಂದು ಹೇಳಿ ಮಾರಿದರೆ, ಆಗ ಜವಾಬ್ದಾರಿ ಮಾರುವವರ ಮೇಲೆ ಬರುತ್ತದೆ. ಮೂರು, ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿದ್ದರೆ ಈ ಸೆಕ್ಷನ್ನಿನ ರಕ್ಷಣೆ ಕಡಿಮೆಯಾಗಬಹುದು. “ಮನೆಯನ್ನು ಇದ್ದ ಸ್ಥಿತಿಯಲ್ಲಿ ಪರೀಕ್ಷಿಸಿ ಒಪ್ಪಿಕೊಂಡಿದ್ದೇನೆ” ಎಂಬಂಥ ಸಾಲು ಕರಾರಿನಲ್ಲಿ ಇದ್ದರೆ ಸಹಿ ಹಾಕುವ ಮುಂಚೆ ವಕೀಲರಲ್ಲಿ ಕೇಳಿ.

ಕೆಲವರು “ರೇರಾ ಕಾನೂನು ಉಂಟಲ್ಲ” ಎನ್ನುತ್ತಾರೆ. 2016ರ ಆ ಕಾಯ್ದೆಯಲ್ಲಿ ಬಿಲ್ಡರ್ ಕೊಟ್ಟ ಮನೆಯ ಕಟ್ಟಡದಲ್ಲಿ ಐದು ವರ್ಷದೊಳಗೆ ದೋಷ ಕಂಡರೆ ಬಿಲ್ಡರೇ ಸರಿಪಡಿಸಿ ಕೊಡಬೇಕು ಎಂದಿರುವುದು ಹೌದು. ಆದರೆ ಅದು ಬಿಲ್ಡರುಗಳ ಯೋಜನೆಗಳಿಗೆ. ಒಂದು ಕುಟುಂಬ ಇನ್ನೊಂದು ಕುಟುಂಬಕ್ಕೆ ಹಳೆ ಮನೆ ಮಾರುವಾಗ ನಮಗೆ ಆಧಾರ 1882ರ ಕಾಯ್ದೆಯೇ.

ಕೋರ್ಟು, ವಕೀಲರು ಎಂದರೆ ಖರ್ಚು ಎಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಆದಾಯ ಎಷ್ಟೇ ಇರಲಿ. ತಾಲೂಕು ಕಾನೂನು ಸೇವೆಗಳ ಸಮಿತಿಯನ್ನು ನ್ಯಾಯಾಲಯದಲ್ಲಿ ವಿಚಾರಿಸಿ, ಅಥವಾ 15100 ನಂಬರಿಗೆ ಫೋನ್ ಮಾಡಿ.

ಮುಂಗಡ ಕೊಡುವ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಬಾಯಿಮಾತಿನಲ್ಲಿ ಕೇಳಿ ಬಿಡಬೇಡಿ. ಉತ್ತರವನ್ನು ಕರಾರು ಪತ್ರದಲ್ಲಿ ಬರೆಸಿಕೊಳ್ಳಿ.

ಮನೆ ಯಾವ ವರ್ಷ ಕಟ್ಟಿದ್ದು? ಗೋಡೆಯ ಒಳಗೆ ಮಣ್ಣಾ, ಸುಣ್ಣವಾ, ಸಿಮೆಂಟಾ? ಸ್ಲ್ಯಾಬ್ ಯಾವಾಗ ಹಾಕಿದ್ದು, ಯಾರು ಹೇಳಿ ಹಾಕಿಸಿದ್ದು? ಯಾವುದಾದರೂ ಗೋಡೆ ಒಡೆದು ತೆಗೆದಿದ್ದೀರಾ? ಬಿರುಕು ಬಂದು ಮುಚ್ಚಿಸಿದ್ದು ಎಲ್ಲೆಲ್ಲಿ? ಹಿಂದಿನ ದರೆ ಯಾವಾಗಲಾದರೂ ಜರಿದಿದೆಯಾ? ಬಂಟ್ವಾಳ, ಪಾಣೆಮಂಗಳೂರು ಕಡೆ ಹೊಳೆಬದಿಯ ಮನೆಯಾದರೆ 1974ರ ನೆರೆಯಲ್ಲಿ, 2019ರ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಬೆಳ್ತಂಗಡಿಯ ಘಟ್ಟದ ತಪ್ಪಲಿನ ಮನೆಯಾದರೆ 2019ರ ಆಗಸ್ಟಿನಲ್ಲಿ ಏನಾಗಿತ್ತು? ನೆರೆನೀರಿನಲ್ಲಿ ನಿಂತ ಮಣ್ಣಿನ ಗಾರೆಯ ಗೋಡೆ ಒಣಗಿದ ಮೇಲೆ ಮೊದಲಿನಂತೆ ಕಂಡರೂ ಮೊದಲಿನ ಗಟ್ಟಿ ಇರುವುದಿಲ್ಲ.

ಇಷ್ಟೆಲ್ಲ ಕೇಳಿದರೆ ಮಾರುವವರಿಗೆ ಬೇಸರ ಆಗ್ತದೆ ಎಂದು ನಾವು ಸುಮ್ಮನಾಗುತ್ತೇವೆ. ಪರಿಚಯದವರು, ಒಂದೇ ವಾರ್ಡಿನವರು, ಸಂಬಂಧಿಕರು ಎಂದಾದರೆ ಇನ್ನೂ ಸಂಕೋಚ. ಆದರೆ ಇಪ್ಪತ್ತು ವರ್ಷ ಸಾಲದ ಕಂತು ಕಟ್ಟುವವರು ನಾವಲ್ಲವಾ? ಆ ಮಾಡಿನ ಅಡಿಯಲ್ಲಿ ಮಲಗುವುದು ನಮ್ಮ ಮಕ್ಕಳಲ್ಲವಾ?

ಮಾರುವವರಿಗೂ ಒಂದು ಮಾತು

ನಮ್ಮ ಸದಸ್ಯೆಯರಲ್ಲಿ ಕೊಳ್ಳುವವರು ಮಾತ್ರ ಅಲ್ಲ, ಮಾರುವವರೂ ಇದ್ದಾರೆ. “ದೋಷ ಹೇಳಿದರೆ ಯಾರು ತೆಗೆದುಕೊಳ್ತಾರೆ? ರೇಟು ಇಳಿಸುವುದಿಲ್ಲವಾ?” ಎಂಬ ಭಯ ಸಹಜ. ಲೆಕ್ಕಕ್ಕೆ ಒಂದು ಉದಾಹರಣೆ ನೋಡೋಣ. 12 ಲಕ್ಷಕ್ಕೆ ಮಾತಾದ ಮನೆ ಎಂದಿಟ್ಟುಕೊಳ್ಳಿ. ಮೂಲೆಯ ಬಿರುಕು, ಗೆದ್ದಲು ಹಿಡಿದ ಪಕ್ಕಾಸು ಇರುವುದನ್ನು ತೋರಿಸಿ, ಸರಿ ಮಾಡಲು ಒಂದು ಲಕ್ಷ ಬೇಕು ಎಂದು ಹೇಳಿ 11 ಲಕ್ಷಕ್ಕೆ ಕೊಟ್ಟರೆ ಒಂದು ಲಕ್ಷ ಕಡಿಮೆ ಬಂತು, ನಿಜ. ಮುಚ್ಚಿಟ್ಟು 12ಕ್ಕೆ ಕೊಟ್ಟರೆ? ಮೊದಲ ಮಳೆಗಾಲದಲ್ಲೇ ವಿಷಯ ಹೊರಗೆ ಬರುತ್ತದೆ. ಆಮೇಲೆ ಜಗಳ, ಪಂಚಾತಿಕೆ, ಕೋರ್ಟು. ಪಡೆದ ಹಣ ಅಷ್ಟರಲ್ಲಿ ಖರ್ಚಾಗಿರುತ್ತದೆ. ಗೋಡೆ ಬಿದ್ದು ಜೀವ ಹೋದರೆ ಆ ಒಂದು ಲಕ್ಷವನ್ನು ಯಾವ ಕೈಯಿಂದ ಹಿಂದೆ ಕೊಡುವುದು?

ಬಂಡೆಯ ಮೇಲೆ ಕಟ್ಟಿದ ಮನೆ ಮತ್ತು ಮರಳಿನ ಮೇಲೆ ಕಟ್ಟಿದ ಮನೆಯ ಸಾಮತಿ ಕ್ರೈಸ್ತ ಸದಸ್ಯೆಯರಿಗೆ ಗೊತ್ತೇ ಇದೆ. ಮಳೆ, ಪ್ರವಾಹ, ಗಾಳಿ ಎರಡೂ ಮನೆಗೆ ಒಂದೇ ರೀತಿ ಬಂತು. ಉಳಿದದ್ದು ಬುಡ ಗಟ್ಟಿ ಇದ್ದ ಮನೆ. ಮರಳಿನ ಮೇಲಿನ ಮನೆಯನ್ನು ಬಂಡೆಯ ಮೇಲಿನದ್ದು ಎಂದು ಇನ್ನೊಬ್ಬರಿಗೆ ಮಾರಬಾರದು ಎನ್ನುವುದು ಅದರಲ್ಲೇ ಅಡಗಿದೆ. ನೆರೆಯವರಿಗೆ ಮೋಸ ಮಾಡಬಾರದು ಎಂದು ಯಾವ ಧರ್ಮ ಹೇಳುವುದಿಲ್ಲ?

ದುರಸ್ತಿ ಸಾಧ್ಯ ಉಂಟು

ದೋಷ ಇದ್ದ ಮನೆಯೆಲ್ಲ ಕೆಡವಬೇಕು ಎಂದಿಲ್ಲ. ಮೊದಲು ಮಾಡಬೇಕಾದದ್ದು ನೀರು ತಡೆಯುವ ಕೆಲಸ: ಮಾಡಿನ ಸೋರಿಕೆ ನಿಲ್ಲಿಸಿ, ಗೋಡೆಯ ಬುಡಕ್ಕೆ ನೀರು ಸಿಡಿಯದ ಹಾಗೆ ಅಂಚು ಕಟ್ಟಿಸಿ, ಚರಂಡಿ ಬಿಡಿಸಿ. ಕೊಳೆತ ಪಕ್ಕಾಸು ಬದಲಾಯಿಸಿ. ಪಕ್ಕಾಸುಗಳು ಗೋಡೆಯ ಮೇಲೆ ಬರೀ ಕೂತಿದ್ದರೆ ಕಬ್ಬಿಣದ ಪಟ್ಟಿ ಹಾಕಿ ಗೋಡೆಗೆ ಬಿಗಿಸಬಹುದು. ಒಳಗಿನಿಂದ ಓರೆಯಾಗಿ ಮರದ ಪಟ್ಟಿ ಹೊಡೆದರೆ ಮಾಡು ಅಲುಗುವುದು ಕಡಿಮೆಯಾಗುತ್ತದೆ. ಸ್ಲ್ಯಾಬ್ ಮೇಲಿನ ಟ್ಯಾಂಕನ್ನು ಕೆಳಗಿಳಿಸಿ ಬೇರೆ ಕಟ್ಟೆಯ ಮೇಲೆ ಇಡಿ.

ಹಳೆ ಗೋಡೆಗೂ ಬುಟ್ಟಿಯ ಕಟ್ಟಿನಂತೆ ಪಟ್ಟಿ ಹಾಕಬಹುದು. ಲಿಂಟಲಿನ ಮೇಲ್ಭಾಗದಲ್ಲಿ ಸುತ್ತಲೂ ಸಾರಣೆ ಕೆತ್ತಿ ತೆಗೆದು, ಸುಮಾರು ಒಂದಡಿ ಅಗಲಕ್ಕೆ ಕಬ್ಬಿಣದ ವೆಲ್ಡ್ ಮೆಶ್ ಜಾಲರಿಯನ್ನು ಒಳಗೂ ಹೊರಗೂ ಮೊಳೆ ಹೊಡೆದು ಬಿಗಿಸಿ, ಗೋಡೆಯನ್ನು ತೂರಿ ಎರಡನ್ನೂ ಸರಳಿನಿಂದ ಜೋಡಿಸಿ, ಗಟ್ಟಿ ಸಿಮೆಂಟ್ ಗಾರೆ ಹಾಕುತ್ತಾರೆ. ಮೂಲೆಗಳಿಗೆ ಮೇಲಿನಿಂದ ಕೆಳಗೆ ಅದೇ ರೀತಿ. ಭಾರತೀಯ ಮಾನಕ ಬ್ಯೂರೋದ ದುರಸ್ತಿ ನಿಯಮಗಳಲ್ಲಿಯೂ ಈ ವಿಧಾನ ಉಂಟು. ಆದರೆ ಇದನ್ನು ಇಂಜಿನಿಯರರು ನೋಡಿ ಹೇಳಿದ ಮೇಲೆಯೇ ಮಾಡಿಸಬೇಕು. ಮೂಡುಬಿದಿರೆ, ಉಜಿರೆ, ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಒಬ್ಬೊಬ್ಬರೇ ಹೋಗುವ ಬದಲು ಸಂಘದ ಲೆಟರ್‌ಹೆಡ್‌ನಲ್ಲಿ ಬರೆದು ಸಲಹೆ ಕೇಳಬಹುದು.

ವಿಮೆಯ ಬಗ್ಗೆಯೂ ತಿಳಿದಿರಲಿ. 2021ರ ಏಪ್ರಿಲ್‌ನಿಂದ “ಭಾರತ್ ಗೃಹ ರಕ್ಷಾ” ಎಂಬ ಮನೆ ವಿಮೆ ಬಂದಿದೆ. ಅದರಲ್ಲಿ ಬೆಂಕಿ, ನೆರೆ, ಭೂಕುಸಿತದ ಜೊತೆಗೆ ಭೂಕಂಪವೂ ಸೇರಿದೆ. ಮಣ್ಣಿನ ಗೋಡೆಯ ಹಳೆ ಮನೆಗೆ ವಿಮೆ ಕೊಡುತ್ತಾರಾ ಎಂದು ಕೇಳಿ, ಫಾರ್ಮಿನಲ್ಲಿ ಇದ್ದದ್ದನ್ನೇ ಬರೆಯಿರಿ.

ಸಂಘ ಏನು ಮಾಡಬಹುದು?

ಲಾತೂರಿನ ಭೂಕಂಪದ ನಂತರ ಮನೆ ದುರಸ್ತಿಯ ದೊಡ್ಡ ಯೋಜನೆ ನಡೆಯಿತು. ಸರಕಾರದ ಹಣ ಬಂತು, ಇಂಜಿನಿಯರರು ಬಂದರು. ಆದರೆ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ತಿಳಿಸಿಕೊಡುವವರು, ಕೆಲಸ ಸರಿ ಆಗುತ್ತಿದೆಯಾ ಎಂದು ನೋಡುವವರು ಯಾರು? ಸ್ವಯಂ ಶಿಕ್ಷಣ್ ಪ್ರಯೋಗ್ ಎಂಬ ಸಂಸ್ಥೆಯ ಮೂಲಕ ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳ ಮಹಿಳಾ ಮಂಡಳಗಳ ಹೆಂಗಸರೇ ಆ ಕೆಲಸಕ್ಕೆ ನಿಂತರು. ಅವರನ್ನು “ಸಂವಾದ ಸಹಾಯಕ”ರು ಎಂದು ಕರೆದರು. 2001ರ ಜನವರಿ 26ರ ಗುಜರಾತ್ ಭೂಕಂಪದ ನಂತರ ಲಾತೂರಿನ ಮಹಿಳೆಯರು ಕಛ್‌ಗೆ ಹೋಗಿ ಅಲ್ಲಿಯ ಮಹಿಳೆಯರಿಗೆ ಧೈರ್ಯ ಹೇಳಿ, ತಾವು ಕಲಿತದ್ದನ್ನು ಕಲಿಸಿದರು. ಅವರೂ ನಮ್ಮ ಹಾಗೆ ಹಳ್ಳಿಯ ಹೆಂಗಸರೇ.

ಅವರು ಕಲಿತದ್ದು ಮನೆಗಳು ಬಿದ್ದ ಮೇಲೆ. ನಾವು ಬೀಳುವ ಮುಂಚೆಯೇ ಕಲಿಯಬಹುದು. ಹಳೆ ಮನೆ ಕೊಳ್ಳಲು ಸದಸ್ಯೆಯೊಬ್ಬರು ಸಾಲ ಕೇಳಿದರೆ, ಸಾಲ ಮಂಜೂರು ಮಾಡುವ ಮುಂಚೆ ಇಬ್ಬರು ಸದಸ್ಯೆಯರು ಹೋಗಿ ಮನೆ ನೋಡಿ ಬರಲಿ. ಮೇಲಿನ ಎಂಟು ವಿಷಯಗಳನ್ನು ನಿರ್ಣಯ ಪುಸ್ತಕದಲ್ಲಿ ಬರೆಯಲಿ. ಸಾಲದಲ್ಲಿ ದುರಸ್ತಿಗೂ ಒಂದು ಭಾಗ ಇಡಲಿ. ಸದಸ್ಯೆಯರ ಗಂಡಂದಿರಲ್ಲಿ, ಮಕ್ಕಳಲ್ಲಿ ಮೇಸ್ತ್ರಿಗಳು ಇರುತ್ತಾರೆ. ಅವರನ್ನು ಒಮ್ಮೆ ಸಭೆಗೆ ಕರೆದು ಮಾತಾಡಿಸಲಿ.

ಕಂಪನ ಆದರೆ ಆ ಗಳಿಗೆಯಲ್ಲಿ

ಬಾಗಿಲ ಹತ್ತಿರವೇ ಇದ್ದರೆ ಕೂಡಲೇ ಅಂಗಳಕ್ಕೆ ಬನ್ನಿ. ಗೋಡೆ, ಹಂಚಿನ ಅಂಚು, ವಿದ್ಯುತ್ ತಂತಿ, ದರೆಯಿಂದ ದೂರ ನಿಲ್ಲಿ. ಒಳಗೆ ಇದ್ದರೆ ಗಟ್ಟಿ ಮೇಜು ಅಥವಾ ಮಂಚದ ಕೆಳಗೆ ಹೋಗಿ ತಲೆ ಮುಚ್ಚಿಕೊಂಡು ಅದರ ಕಾಲು ಹಿಡಿದುಕೊಳ್ಳಿ. ನಡುಕ ನಿಂತ ಮೇಲೆ ಹೊರಗೆ ಬಂದು, ಗ್ಯಾಸ್ ಸಿಲಿಂಡರ್ ಬಂದ್ ಆಗಿದೆಯಾ ನೋಡಿ. ಬಿರುಕು ಬಿಟ್ಟ ಮನೆಯೊಳಗೆ ಆ ರಾತ್ರಿ ಮಲಗಬೇಡಿ. ಜಿಲ್ಲಾಡಳಿತದ ವಿಪತ್ತು ಸಹಾಯವಾಣಿ 1077.

ಮುಂದಿನ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ ಮಣ್ಣಿನ ಗಾರೆಯ ಹಳೆ ಮನೆ ಯಾರ್ಯಾರದ್ದು? ಹಳೆ ಗೋಡೆಯ ಮೇಲೆ ಸ್ಲ್ಯಾಬ್ ಹಾಕಿಸಿದವರು ಎಷ್ಟು ಮಂದಿ?

2. ಕಳೆದ ಐದು ವರ್ಷದಲ್ಲಿ ಹಳೆ ಮನೆ ಕೊಂಡ ಸದಸ್ಯೆಯರಿಗೆ ಮಾರುವವರು ಏನು ಹೇಳಿದ್ದರು, ಏನು ಹೇಳಿರಲಿಲ್ಲ?

3. ಮನೆ ಸಾಲಕ್ಕೆ ಮುಂಚೆ ಮನೆ ನೋಡಿ ಬರುವ ನಿಯಮವನ್ನು ನಾವು ಮಾಡಬಹುದಾ? ಯಾರು ಹೋಗುತ್ತಾರೆ?

ಈ ವಾರ ನಿಮ್ಮ ಮನೆಯ ಸುತ್ತ ಒಮ್ಮೆ ನಡೆದು ನೋಡಿ. ಬಿರುಕು ಕಂಡರೆ ಪೆನ್ಸಿಲ್ ಗೆರೆ ಹಾಕಿ ತಾರೀಕು ಬರೆದಿಡಿ. ಮಳೆಗಾಲ ಮುಗಿದ ಮೇಲೆ ಮತ್ತೆ ನೋಡಿ, ಸಭೆಯಲ್ಲಿ ತಿಳಿಸಿ.